ಪಕ್ಕದವರ ಮಾತು ನಂಬಿ ನಡೆಯುವ ಇಂಟರ್ನೆಟ್

ದೊಡ್ಡ ನೆಟ್‌ವರ್ಕ್‌ ಒಂದರ ರೂಟರ್‌ಗೆ ಲಾಗಿನ್ ಆಗಿ ‘ಈ ಐಪಿ ವಿಳಾಸಕ್ಕೆ ಹೋಗುವ ದಾರಿ ಯಾವುದು?’ ಎಂದು ಕೇಳಿದರೆ ಅದು ತಡಮಾಡದೆ ಒಂದು ಸಾಲಿನ ಉತ್ತರ ಕೊಡುತ್ತದೆ. ಸಾಲಿನಲ್ಲಿರುವುದು ಬರೀ ಅಂಕಿಗಳು. ಮೊದಲು ಈ ನೆಟ್‌ವರ್ಕ್, ಅಲ್ಲಿಂದ ಇನ್ನೊಂದು, ಕೊನೆಗೆ ಆ ವಿಳಾಸದ ಒಡೆಯನದ್ದು. ನೋಡಿದವರಿಗೆ ರೈಲಿನ ವೇಳಾಪಟ್ಟಿಯಷ್ಟು ಖಚಿತ ಅನ್ನಿಸುತ್ತದೆ. ಆದರೆ ಆ ದಾರಿ ನಿಜಕ್ಕೂ ಇದೆಯೇ, ಕೊನೆಯಲ್ಲಿ ಕೂತವನು ನಿಜವಾದ ಒಡೆಯನೇ ಎಂದು ರೂಟರ್ ಹೋಗಿ ನೋಡಿಕೊಂಡು ಬಂದಿಲ್ಲ. ಪಕ್ಕದ ರೂಟರ್ ಹೇಳಿತು, ಇದು ಬರೆದುಕೊಂಡಿತು. ಪಕ್ಕದ್ದಕ್ಕೆ ಅದರ ಪಕ್ಕದ್ದು ಹೇಳಿತ್ತು.

ಆ್ಯಪ್ ತೆರೆಯದಿದ್ದರೆ ‘ಸರ್ವರ್ ಡೌನ್’ ಎನ್ನುವುದು ಎಲ್ಲರ ಬಾಯಲ್ಲೂ ಬರುವ ಮಾತು. ಎಷ್ಟೋ ಸಲ ಸರ್ವರ್ ತನ್ನ ಪಾಡಿಗೆ ಚೆನ್ನಾಗಿಯೇ ಓಡುತ್ತಿರುತ್ತದೆ. ತಪ್ಪಿರುವುದು ಅಲ್ಲಿಗೆ ಹೋಗುವ ದಾರಿ. ನೆಟ್‌ವರ್ಕ್ ಕೆಲಸದಲ್ಲಿರುವ ನಮಗೆ ಹೆಚ್ಚು ನಿದ್ದೆಗೆಡಿಸುವುದು ಈ ಎರಡನೇ ಬಗೆಯ ತೊಂದರೆ. ಅದರ ಮೂಲ ಬಹಳ ಸಲ ನಮ್ಮ ಕೈಗೆಟುಕುವ ಜಾಗದಲ್ಲಿ ಇರುವುದೇ ಇಲ್ಲ.

ಇಂಟರ್ನೆಟ್ ಎಂದರೆ ಒಂದು ಜಾಲ ಅಲ್ಲ, ಎಪ್ಪತ್ತು ಸಾವಿರಕ್ಕೂ ಹೆಚ್ಚು ಸ್ವತಂತ್ರ ಜಾಲಗಳ ಒಕ್ಕೂಟ. ಟೆಲಿಕಾಂ ಕಂಪನಿ, ವಿಶ್ವವಿದ್ಯಾಲಯ, ಬ್ಯಾಂಕು, ಕ್ಲೌಡ್ ಕಂಪನಿ, ಹೀಗೆ ಪ್ರತಿಯೊಂದು ಜಾಲಕ್ಕೂ ಒಂದು ಎಎಸ್ ನಂಬರ್, ಅಂದರೆ ಗುರುತಿನ ಸಂಖ್ಯೆ. ತನ್ನ ಬಳಿ ಇಂತಿಂಥ ವಿಳಾಸಗಳಿವೆ ಎಂದು ಪ್ರತಿ ಜಾಲವೂ ನೆರೆಯ ಜಾಲಗಳಿಗೆ ಸಾರುತ್ತದೆ. ಅವು ತಮ್ಮ ನಂಬರನ್ನು ಸೇರಿಸಿ ಮುಂದಕ್ಕೆ ದಾಟಿಸುತ್ತವೆ. ಹೀಗೆ ಸಾರುವ, ಕೇಳುವ ಭಾಷೆಯ ಹೆಸರು ಬಿಜಿಪಿ, ಅಂದರೆ ಬಾರ್ಡರ್ ಗೇಟ್‌ವೇ ಪ್ರೋಟೋಕಾಲ್. ಇವತ್ತು ಹಳೆಯ ಐಪಿವಿ4 ವಿಳಾಸಗಳಿಗೇ ಸುಮಾರು ಹತ್ತು ಲಕ್ಷ ದಾರಿಗಳು ದೊಡ್ಡ ರೂಟರ್‌ಗಳ ಪಟ್ಟಿಯಲ್ಲಿವೆ.

ಈ ಭಾಷೆ ಹುಟ್ಟಿದ್ದು 1989ರ ಜನವರಿಯಲ್ಲಿ, ಇಂಜಿನಿಯರ್‌ಗಳ ಸಭೆಯೊಂದರ ಊಟದ ಮೇಜಿನ ಮೇಲೆ. ಸಿಸ್ಕೋದ ಕರ್ಕ್ ಲಾಹೀಡ್, ಲೆನ್ ಬೊಸಾಕ್ ಮತ್ತು ಐಬಿಎಂನ ಯಾಕೋವ್ ರೆಖ್ಟರ್ ಊಟ ಮಾಡುತ್ತ ಕಾಗದದ ನ್ಯಾಪ್‌ಕಿನ್ ಮೇಲೆ ಅದರ ರೂಪುರೇಷೆ ಗೀಚಿದರು. ‘ಎರಡು ನ್ಯಾಪ್‌ಕಿನ್ ಪ್ರೋಟೋಕಾಲ್’ ಎಂಬ ಅಡ್ಡಹೆಸರು ಇವತ್ತಿಗೂ ಉಳಿದಿದೆ. ಆಗಿನ ಇಂಟರ್ನೆಟ್ ಚಿಕ್ಕದು, ನಡೆಸುವವರಿಗೆ ಒಬ್ಬರ ಪರಿಚಯ ಇನ್ನೊಬ್ಬರಿಗಿತ್ತು. ಸುಳ್ಳು ಹೇಳುವವನನ್ನು ಹೇಗೆ ತಡೆಯುವುದು ಎಂಬ ಪ್ರಶ್ನೆ ಅಂದಿನ ತುರ್ತು ಆಗಿರಲಿಲ್ಲ. ಜಾಲ ಬೆಳೆಯುತ್ತಿದ್ದ ವೇಗಕ್ಕೆ ಹಳೆಯ ವ್ಯವಸ್ಥೆ ಒಡೆದುಹೋಗದಂತೆ ನೋಡಿಕೊಳ್ಳಬೇಕಿತ್ತು, ಅದನ್ನು ಅವರು ಮಾಡಿದರು. ಅವರನ್ನು ಬೈಯುವವರನ್ನು ಕಂಡರೆ ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲ. ಮೂರೂವರೆ ದಶಕ ಜಗತ್ತನ್ನೇ ಹೊತ್ತು ನಿಂತ ತಾತ್ಕಾಲಿಕ ವ್ಯವಸ್ಥೆ ಬೇರೆ ಯಾವುದಿದೆ?

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯಿದೆಯಲ್ಲ, ಬಿಜಿಪಿ ಪ್ರತ್ಯಕ್ಷ ಕಾಣುವುದೂ ಇಲ್ಲ, ಪ್ರಮಾಣಿಸುವುದೂ ಇಲ್ಲ. ಇದರ ಜೊತೆಗೆ ಇನ್ನೊಂದು ನಿಯಮವೂ ಸೇರಿಕೊಂಡಾಗ ಅನಾಹುತ ದೊಡ್ಡದಾಗುತ್ತದೆ. ಒಂದೇ ವಿಳಾಸಕ್ಕೆ ಎರಡು ದಾರಿ ಕೇಳಿಬಂದರೆ ಹೆಚ್ಚು ನಿಖರವಾಗಿ ಹೇಳಿದವನ ಮಾತನ್ನೇ ರೂಟರ್ ಕೇಳುತ್ತದೆ. ಒಬ್ಬ ‘ಈ 1024 ವಿಳಾಸಗಳು ನನ್ನವು’ ಎನ್ನುತ್ತಾನೆ, ಮತ್ತೊಬ್ಬ ಅದರೊಳಗಿನ ‘256 ವಿಳಾಸಗಳು ನನ್ನವು’ ಎನ್ನುತ್ತಾನೆ ಅಂದುಕೊಳ್ಳಿ. ಆ 256ರ ಮಟ್ಟಿಗೆ ಎರಡನೆಯವನದೇ ಗೆಲುವು. ಅವನು ಜಗತ್ತಿನ ಆಚೆ ತುದಿಯಲ್ಲಿದ್ದರೂ ಅಷ್ಟೇ.

2008ರ ಫೆಬ್ರವರಿ 24ರಂದು ಆದದ್ದು ಇದೇ. ದೇಶದೊಳಗೆ ಯೂಟ್ಯೂಬ್ ಬಂದ್ ಮಾಡಬೇಕೆಂದು ಪಾಕಿಸ್ತಾನದ ಸರ್ಕಾರಿ ಪ್ರಾಧಿಕಾರದ ಆದೇಶ ಬಂದಿತ್ತು. ಪಾಕಿಸ್ತಾನ್ ಟೆಲಿಕಾಂ ಅದಕ್ಕೆ ಒಂದು ಸುಲಭದ ಉಪಾಯ ಹೂಡಿತು. ಯೂಟ್ಯೂಬ್ ವಿಳಾಸಗಳಿಗೆ ದಾರಿ ತನ್ನಲ್ಲೇ ಇದೆ ಎಂದು ಒಳಗೆ ಸಾರಿ, ಬಂದ ಮಾಹಿತಿಯ ತುಣುಕುಗಳನ್ನೆಲ್ಲ (ಪ್ಯಾಕೆಟ್) ಬಿಸಾಡುವುದು. ಯೂಟ್ಯೂಬ್ ಸಾರುತ್ತಿದ್ದದ್ದು 208.65.152.0/22, ಅಂದರೆ 1024 ವಿಳಾಸಗಳ ಗುಂಪು. ಇವರು ಸಾರಿದ್ದು ಅದರೊಳಗಿನ 208.65.153.0/24, ಅಂದರೆ 256 ವಿಳಾಸಗಳು. ಒಳಗೇ ಉಳಿಯಬೇಕಿದ್ದ ಆ ಘೋಷಣೆ ಗಡಿ ದಾಟಿ ಹಾಂಗ್‌ಕಾಂಗ್‌ನ ಟೆಲಿಕಾಂ ಕಂಪನಿ ಪಿಸಿಸಿಡಬ್ಲ್ಯೂಗೆ ತಲುಪಿತು. ಅಲ್ಲಿ ಯಾರೂ ಪರೀಕ್ಷಿಸಲಿಲ್ಲ. ಕೆಲವೇ ನಿಮಿಷಗಳಲ್ಲಿ ಜಗತ್ತಿನ ಬಹುಭಾಗದ ಯೂಟ್ಯೂಬ್ ಟ್ರಾಫಿಕ್ ಪಾಕಿಸ್ತಾನದ ಕಡೆಗೆ ಹರಿದು ಅಲ್ಲೇ ಇಂಗಿಹೋಯಿತು. ಸುಮಾರು 80 ನಿಮಿಷದ ಮೇಲೆ ಯೂಟ್ಯೂಬ್ ತಾನೂ /24 ಸಾರಿತು, ಆಮೇಲೆ ಇನ್ನೂ ಚಿಕ್ಕದಾದ ಎರಡು /25 ಸಾರಿತು. ಅಂದರೆ ತನ್ನ ಮನೆಯ ವಿಳಾಸಕ್ಕಾಗಿ ತಾನೇ ಹರಾಜಿನಲ್ಲಿ ಮೇಲೆ ಮೇಲೆ ಕೂಗಬೇಕಾಯಿತು. ಕೊನೆಗೆ ಪಿಸಿಸಿಡಬ್ಲ್ಯೂ ತಪ್ಪು ದಾರಿಗಳನ್ನು ಹಿಂತೆಗೆದುಕೊಳ್ಳುವಾಗ ಎರಡು ಗಂಟೆ ಮೀರಿತ್ತು.

ಈ ಘಟನೆ ಹೇಳುವಾಗ ಎಲ್ಲರೂ ಪಾಕಿಸ್ತಾನದತ್ತ ಬೆರಳು ತೋರಿಸುತ್ತಾರೆ. ನನ್ನ ಕಣ್ಣು ಹೋಗುವುದು ಪಿಸಿಸಿಡಬ್ಲ್ಯೂ ಕಡೆಗೆ. ತಪ್ಪು ಕಮಾಂಡ್ ಯಾರು ಬೇಕಾದರೂ ಕೊಟ್ಟಾರು. ನಡುರಾತ್ರಿ ಮೇಂಟೆನೆನ್ಸ್‌ಗೆ ಕೂತು ಎಂಟರ್ ಒತ್ತಿದ ಮರುಕ್ಷಣವೇ ‘ಅಯ್ಯೋ’ ಅಂದುಕೊಳ್ಳದ ನೆಟ್‌ವರ್ಕ್ ಇಂಜಿನಿಯರ್ ಯಾರೂ ಇರಲಾರರು, ನಾನಂತೂ ಆ ಸಾಲಿಗೆ ಸೇರಿದವನೇ. ತಪ್ಪು ಒಬ್ಬನದು, ಅದು ಜಗತ್ತಿಗೆ ಹಬ್ಬುವುದು ಮಾತ್ರ ಪಕ್ಕದವನು ಕೇಳಿದ್ದನ್ನೆಲ್ಲ ಹಾಗೆ ಹಾಗೇ ಮುಂದಕ್ಕೆ ದಾಟಿಸಿದಾಗ.

ಇದು 2008ರಲ್ಲಿ ಕಲಿತ ಹೊಸ ಪಾಠವೂ ಆಗಿರಲಿಲ್ಲ. 1997ರ ಏಪ್ರಿಲ್ 25ರಂದು ಅಮೆರಿಕದಲ್ಲಿ ಎಎಸ್ 7007 ಎಂಬ ಸಣ್ಣ ಜಾಲದ ರೂಟರ್, ಇಂಟರ್ನೆಟ್ಟಿನ ದಾರಿಗಳ ದೊಡ್ಡ ಭಾಗವನ್ನು ಚೂರು ಚೂರು ಮಾಡಿ, ಅಷ್ಟೂ ತನ್ನದೇ ಎಂದು ಸಾರಿತ್ತು. ರೂಟರ್‌ನ ಸಂಪರ್ಕ ಕಿತ್ತುಹಾಕಿದ ಮೇಲೂ ಆ ಸುಳ್ಳು ದಾರಿಗಳು ಜಾಲದಲ್ಲಿ ತಾವೇ ಸುತ್ತುತ್ತಿದ್ದವು. ಇಪ್ಪತ್ತೆರಡು ವರ್ಷಗಳ ನಂತರ, 2019ರ ಜೂನ್ 24ರಂದು, ಅದೇ ಕಥೆ ಬೇರೆ ಪಾತ್ರಗಳೊಂದಿಗೆ ಮರುಕಳಿಸಿತು. ಪೆನ್ಸಿಲ್ವೇನಿಯಾದ ಡಿಕ್ಯುಇ ಎಂಬ ಸಣ್ಣ ಸೇವಾದಾರ ಕಂಪನಿ ತನ್ನ ಒಳಗಿನ ಟ್ರಾಫಿಕ್ ಹೊಂದಿಸಲು ‘ಬಿಜಿಪಿ ಆಪ್ಟಿಮೈಜರ್’ ಬಳಸುತ್ತಿತ್ತು. ಬೇರೆಯವರ ದಾರಿಗಳನ್ನು ಚಿಕ್ಕ ತುಂಡುಗಳಾಗಿ ಒಡೆದು ತೋರಿಸುವುದೇ ಅದರ ಕೆಲಸ. ಆ ತುಂಡುಗಳು ಅದರ ಗ್ರಾಹಕನಾದ ಒಂದು ಲೋಹದ ಕಂಪನಿಯ ಜಾಲಕ್ಕೆ ಸೋರಿದವು, ಅಲ್ಲಿಂದ ಅದರ ಇನ್ನೊಂದು ಸಂಪರ್ಕವಾದ ದೊಡ್ಡ ಟೆಲಿಕಾಂ ಕಂಪನಿ ವೆರೈಜನ್‌ಗೆ ಹೋದವು. ಬೇರೆಯವರ ತಾಣಗಳನ್ನು ಬಳಕೆದಾರರಿಗೆ ತಲುಪಿಸಿಕೊಡುವ ಕ್ಲೌಡ್‌ಫ್ಲೇರ್, ಜೊತೆಗೆ ಅಮೆಜಾನ್ ಮೊದಲಾದವರ ಟ್ರಾಫಿಕ್ ಒಂದು ಕಾರ್ಖಾನೆ ಕಂಪನಿಯ ಲೈನಿನ ಮೂಲಕ ಹಾಯಲು ಹೊರಟಿತು. ಹೆದ್ದಾರಿಯ ವಾಹನಗಳನ್ನೆಲ್ಲ ಯಾರದೋ ಹಿತ್ತಿಲಿನ ಓಣಿಗೆ ತಿರುಗಿಸಿದ ಹಾಗೆ. ಆ ಹೊತ್ತಿನ ಗರಿಷ್ಠ ಮಟ್ಟದಲ್ಲಿ ಕ್ಲೌಡ್‌ಫ್ಲೇರ್ ತನ್ನ ಜಾಗತಿಕ ಟ್ರಾಫಿಕ್‌ನ ಸುಮಾರು 15 ಶೇಕಡಾ ಕಳೆದುಕೊಂಡಿತು. ಈ ಗ್ರಾಹಕನಿಂದ ಇಷ್ಟಕ್ಕಿಂತ ಹೆಚ್ಚು ದಾರಿ ಬಂದರೆ ಸಂಪರ್ಕ ಕಡಿದುಹಾಕು ಎನ್ನುವ ಒಂದು ಸಾಲಿನ ಮಿತಿ ವೆರೈಜನ್ ರೂಟರ್‌ನಲ್ಲಿ ಇದ್ದಿದ್ದರೆ ಇದು ಅಲ್ಲಿಗೇ ನಿಲ್ಲುತ್ತಿತ್ತು. ಆ ಸೌಲಭ್ಯ ರೂಟರ್‌ಗಳಲ್ಲಿ ದಶಕಗಳಿಂದ ಇದೆ.

2021ರ ಅಕ್ಟೋಬರ್ 4ರ ಫೇಸ್‌ಬುಕ್ ಕಣ್ಮರೆ ಇದಕ್ಕೆ ತಿರುವುಮುರುವು. ಅಲ್ಲಿ ಸುಳ್ಳು ಹೇಳಿದವರಿಲ್ಲ, ಮಾತು ನಿಂತುಹೋಯಿತು. ಮೇಂಟೆನೆನ್ಸ್ ವೇಳೆ ಕೊಟ್ಟ ಕಮಾಂಡ್ ಒಂದು ಅವರ ಡೇಟಾ ಸೆಂಟರ್‌ಗಳನ್ನು ಜೋಡಿಸುವ ಇಡೀ ಬೆನ್ನೆಲುಬಿನ ಜಾಲವನ್ನೇ ಕೆಡವಿತು. ತಾಣದ ಹೆಸರು ಕೇಳಿದವರಿಗೆ ಅದರ ಐಪಿ ವಿಳಾಸ ಹೇಳುವುದು ಡಿಎನ್‌ಎಸ್ ಸರ್ವರ್‌ಗಳ ಕೆಲಸ. ಡೇಟಾ ಸೆಂಟರ್ ಸಿಗದ ಅವರ ಡಿಎನ್‌ಎಸ್ ಸರ್ವರ್‌ಗಳು ತಮ್ಮಲ್ಲೇ ದೋಷವಿದೆ ಎಂದು ತಿಳಿದು ತಮ್ಮ ಬಿಜಿಪಿ ಘೋಷಣೆಗಳನ್ನು ತಾವೇ ಹಿಂತೆಗೆದುಕೊಂಡವು. ಮಾತನ್ನು ಪ್ರಶ್ನಿಸದೆ ನಂಬುವ ವ್ಯವಸ್ಥೆ ಮೌನವನ್ನೂ ಅಷ್ಟೇ ಪ್ರಶ್ನಿಸದೆ ನಂಬುತ್ತದೆ. ಫೇಸ್‌ಬುಕ್, ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಂ ಸುಮಾರು ಆರು ಗಂಟೆ ಇಲ್ಲವಾದವು. ದೂರದಿಂದ ಸರಿಪಡಿಸುವ ಉಪಕರಣಗಳೂ ಅದೇ ಜಾಲದ ಮೇಲೆ ನಿಂತಿದ್ದರಿಂದ ಇಂಜಿನಿಯರ್‌ಗಳು ಖುದ್ದಾಗಿ ಡೇಟಾ ಸೆಂಟರ್‌ಗೆ ಹೋಗಬೇಕಾಯಿತು.

ಇಲ್ಲಿಯವರೆಗಿನವು ಕೈತಪ್ಪುಗಳು. ಬೇಕೆಂದೇ ಮಾಡುವವರೂ ಇದ್ದಾರೆ. 2018ರ ಏಪ್ರಿಲ್ 24ರಂದು ಅಮೆಜಾನ್‌ನ ಡಿಎನ್‌ಎಸ್ ಸೇವೆಯ ವಿಳಾಸಗಳನ್ನು ಬೇರೊಂದು ಜಾಲ ತನ್ನದೆಂದು ಸಾರಿತು. ಮೈಈಥರ್‌ವ್ಯಾಲೆಟ್ ಎಂಬ ಕ್ರಿಪ್ಟೋ ಸೇವೆಯ ವಿಳಾಸ ಕೇಳಿದವರಿಗೆ ಕಳ್ಳರು ಹೂಡಿಟ್ಟ ಸರ್ವರ್‌ನ ವಿಳಾಸ ಸಿಕ್ಕಿತು. ಬ್ರೌಸರ್ ‘ಈ ತಾಣದ ಸರ್ಟಿಫಿಕೇಟ್ ಸರಿಯಿಲ್ಲ’ ಎಂದು ಎಚ್ಚರಿಸಿತ್ತು. ಅದನ್ನು ದಾಟಿ ಮುಂದೆ ಹೋದವರು ದುಡ್ಡು ಕಳೆದುಕೊಂಡರು. ಎರಡು ಗಂಟೆಯಲ್ಲಿ ಹೋದದ್ದು ಸುಮಾರು ಒಂದೂವರೆ ಲಕ್ಷ ಡಾಲರ್ ಬೆಲೆಯ ಈಥರ್ ಎಂಬ ಕ್ರಿಪ್ಟೋ ಹಣ.

ಹಾಗಿದ್ದರೆ ಸರ್ಟಿಫಿಕೇಟ್ ಸರಿಯಿದೆ ಎನ್ನುವ ಬ್ರೌಸರ್‌ನ ಬೀಗದ ಗುರುತು ನಮ್ಮನ್ನು ಕಾಯುತ್ತದಲ್ಲ ಎಂದು ಕೇಳಬಹುದು. ನಾಲ್ಕು ವರ್ಷದ ಹಿಂದೆ ನಾನೂ ಹಾಗೇ ವಾದಿಸುತ್ತಿದ್ದೆ. 2022ರ ಫೆಬ್ರವರಿಯಲ್ಲಿ ದಕ್ಷಿಣ ಕೊರಿಯಾದ ಕ್ಲೇಸ್ವಾಪ್ ಎಂಬ ಕ್ರಿಪ್ಟೋ ಸೇವೆಯ ಮೇಲೆ ನಡೆದ ದಾಳಿ ಆ ವಾದವನ್ನು ಮುರಿಯಿತು. ಸರ್ಟಿಫಿಕೇಟ್ ಕೊಡುವ ಸಂಸ್ಥೆ ‘ಈ ಡೊಮೇನ್ ನಿನ್ನದೇ’ ಎಂದು ಖಾತ್ರಿ ಮಾಡಿಕೊಳ್ಳುವುದು ಹೇಗೆ? ಆ ಡೊಮೇನ್‌ನ ವಿಳಾಸಕ್ಕೆ ಹೋಗಿ, ತಾನು ಹೇಳಿದ ಗುರುತು ಅಲ್ಲಿದೆಯೇ ಎಂದು ನೋಡುತ್ತದೆ. ಅಲ್ಲಿಗೆ ಹೋಗುವ ದಾರಿಯನ್ನೇ ಕದ್ದವನ ಕೈಯಲ್ಲಿ ಆ ಗುರುತು ಇಡುವುದು ಏನು ಕಷ್ಟ? ಕ್ಲೇಸ್ವಾಪ್ ಪುಟ ಬಳಸುತ್ತಿದ್ದ ಒಂದು ಕೋಡ್ ಕಡತ ಬೇರೊಂದು ಕಂಪನಿಯ ಸರ್ವರ್‌ನಿಂದ ಬರುತ್ತಿತ್ತು. ದಾಳಿಕೋರರು ಆ ಸರ್ವರ್‌ನ ದಾರಿ ಕದ್ದು, ಅದರ ಹೆಸರಿಗೆ ಅಸಲಿ ಸರ್ಟಿಫಿಕೇಟನ್ನೇ ಪಡೆದು, ಕಡತ ಬದಲಿಸಿ ಕಳಿಸಿದರು. ಬ್ರೌಸರ್ ಯಾವ ಎಚ್ಚರಿಕೆಯನ್ನೂ ಕೊಡಲಿಲ್ಲ, ಕೊಡುವ ಕಾರಣವೂ ಅದಕ್ಕಿರಲಿಲ್ಲ. ಹಾನಿ ಸುಮಾರು 19 ಲಕ್ಷ ಡಾಲರ್. ಸರ್ಟಿಫಿಕೇಟ್ ಕೊಡುವ ಮುನ್ನ ಜಗತ್ತಿನ ಹಲವು ಕಡೆಗಳಿಂದ ಪರಿಶೀಲಿಸಬೇಕು ಎಂಬ ನಿಯಮ 2025ರಲ್ಲಿ ಜಾರಿಗೆ ಬಂದದ್ದು ಇಂಥ ದಾಳಿಗಳನ್ನು ಕಂಡ ಮೇಲೆ. ಒಂದು ಮೂಲೆಯಲ್ಲಿ ದಾರಿ ಕದ್ದರೂ ಎಲ್ಲ ಮೂಲೆಗಳಲ್ಲೂ ಒಟ್ಟಿಗೆ ಕದಿಯುವುದು ಕಷ್ಟ ಎಂಬ ಲೆಕ್ಕಾಚಾರ.

ಮೂಲ ಕಾಯಿಲೆಗೆ ಈಗ ಕೊಡುತ್ತಿರುವ ಔಷಧ ಆರ್‌ಪಿಕೆಐ, ಅಂದರೆ ರಿಸೋರ್ಸ್ ಪಬ್ಲಿಕ್ ಕೀ ಇನ್‌ಫ್ರಾಸ್ಟ್ರಕ್ಚರ್. ಹೆಸರು ಭಾರವಾಗಿದೆ, ಒಳಗಿನ ಸಂಗತಿ ಸರಳ. ಐಪಿ ವಿಳಾಸಗಳನ್ನು ಜಗತ್ತಿಗೆ ಹಂಚುವ ಐದು ಪ್ರಾದೇಶಿಕ ನೋಂದಣಿ ಸಂಸ್ಥೆಗಳಿವೆ. ಯಾವ ವಿಳಾಸ ಯಾರದ್ದು ಎಂಬ ಖಾತೆ ಪುಸ್ತಕ ಇರುವುದು ಅವುಗಳ ಬಳಿ. ವಿಳಾಸದ ಒಡೆಯ ಆ ಸಂಸ್ಥೆಯ ಮೂಲಕ ‘ನನ್ನ ಈ ವಿಳಾಸಗಳನ್ನು ಸಾರುವ ಹಕ್ಕು ಇಂಥ ಎಎಸ್ ನಂಬರ್‌ಗೆ ಮಾತ್ರ, ಇಷ್ಟಕ್ಕಿಂತ ಚಿಕ್ಕ ತುಂಡು ಮಾಡಿ ಸಾರುವಂತಿಲ್ಲ’ ಎಂದು ಡಿಜಿಟಲ್ ಸಹಿಯ ಪತ್ರವೊಂದನ್ನು ಬರೆದಿಡುತ್ತಾನೆ. ಅದರ ಹೆಸರು ಆರ್‌ಒಎ. ಉಳಿದವರ ರೂಟರ್‌ಗಳು ಬಂದ ಪ್ರತಿ ಘೋಷಣೆಯನ್ನೂ ಈ ಪತ್ರಗಳ ಜೊತೆ ತಾಳೆ ನೋಡಬಹುದು. ತಾಳೆಯಾದರೆ ಸರಿ, ವಿರುದ್ಧವಿದ್ದರೆ ತಿರಸ್ಕಾರ, ಪತ್ರವೇ ಇಲ್ಲದಿದ್ದರೆ ಹಳೆಯ ಪದ್ಧತಿಯಂತೆ ನಂಬುವುದು. 2008ರ ಯೂಟ್ಯೂಬ್ ಪ್ರಕರಣದಲ್ಲಿ ಇದು ಇದ್ದಿದ್ದರೆ ಪಿಸಿಸಿಡಬ್ಲ್ಯೂ ರೂಟರ್ ಆ /24 ಅನ್ನು ಬಾಗಿಲಲ್ಲೇ ತಡೆಯುತ್ತಿತ್ತು. 2019ರ ಸೋರಿಕೆಯ ದಿನ ಎಟಿ&ಟಿ ಇಂಥ ತಾಳೆ ನೋಡುತ್ತಿದ್ದರಿಂದ ಕ್ಲೌಡ್‌ಫ್ಲೇರ್‌ನ ಒಡೆದ ತುಂಡುಗಳು ಅದರೊಳಗೆ ಬರಲಿಲ್ಲ.

ನೋಂದಣಿ ಸಂಸ್ಥೆಗಳು ಈ ಸೇವೆ ಶುರುಮಾಡಿದ್ದು 2011ರ ಹೊತ್ತಿಗೆ. ಐಪಿವಿ4 ದಾರಿಗಳಲ್ಲಿ ಅರ್ಧದಷ್ಟಕ್ಕೆ ಪತ್ರ ಬಂದದ್ದು 2024ರ ಮೇನಲ್ಲಿ. ಹದಿಮೂರು ವರ್ಷ! ಸೋಮಾರಿತನ ಎಂದು ಬೈದುಬಿಡಬಹುದು, ಆದರೆ ಇದರ ಹಿಂದಿನ ಲೆಕ್ಕ ಬೇರೆ. ನಾನು ಪತ್ರ ಬರೆದಿಟ್ಟರೆ ಅದರಿಂದ ನನಗೆ ರಕ್ಷಣೆ ಸಿಗುವುದು ಬೇರೆಯವರು ತಾಳೆ ನೋಡಿದಾಗ ಮಾತ್ರ. ನಾನು ತಾಳೆ ನೋಡಲು ಶುರುಮಾಡಿದರೆ ಖರ್ಚು, ತಲೆನೋವು ನನ್ನದು, ಲಾಭದ ದೊಡ್ಡ ಪಾಲು ಬೇರೆಯವರದು. ಇನ್ನೂ ಒಂದು ಫಜೀತಿಯಿದೆ. ಯಾವನೋ ತನ್ನ ಪತ್ರದಲ್ಲಿ ನಂಬರ್ ತಪ್ಪು ಬರೆದ ಅಂದುಕೊಳ್ಳಿ. ತಾಳೆ ನೋಡುವ ನನ್ನ ಜಾಲದಲ್ಲಿ ಅವನ ತಾಣ ತೆರೆಯುವುದಿಲ್ಲ, ತಾಳೆ ನೋಡದ ಪಕ್ಕದ ಕಂಪನಿಯಲ್ಲಿ ತೆರೆಯುತ್ತದೆ. ಗ್ರಾಹಕ ಫೋನ್ ಮಾಡಿ ಕೇಳುವುದು ‘ಅವರ ನೆಟ್‌ನಲ್ಲಿ ಬರ್ತಿದೆ, ನಿಮ್ಮದರಲ್ಲಿ ಯಾಕೆ ಬರ್ತಿಲ್ಲ?’ ಎಂದು. ಸರಿಯಾಗಿ ಕೆಲಸ ಮಾಡಿದವನೇ ಕಟಕಟೆಯಲ್ಲಿ ನಿಲ್ಲುತ್ತಾನೆ. ಈ ಪರಿಸ್ಥಿತಿ ಬದಲಾದದ್ದು ಜಗತ್ತಿನ ನಡುದಾರಿಯಲ್ಲಿ ಕೂತು ಬೇರೆ ಜಾಲಗಳ ಟ್ರಾಫಿಕ್ ಸಾಗಿಸುವ ದೊಡ್ಡ ಟ್ರಾನ್ಸಿಟ್ ಕಂಪನಿಗಳು ಒಂದೊಂದಾಗಿ ತಾಳೆ ನೋಡಲು ನಿಂತಾಗ. ಅವು ತಿರಸ್ಕರಿಸಿದ ಸುಳ್ಳು ಅವುಗಳ ಕೆಳಗಿನ ಸಾವಿರಾರು ಸಣ್ಣ ಜಾಲಗಳಿಗೆ ಆ ದಾರಿಯಾಗಿ ತಲುಪುವುದಿಲ್ಲ. ನನ್ನ ಮಟ್ಟಿಗೆ, ಸಣ್ಣವರಿಗೆ ಉಪದೇಶ ಮಾಡುವುದಕ್ಕಿಂತ ನಡುವಿನ ಹತ್ತಿಪ್ಪತ್ತು ದೊಡ್ಡವರನ್ನು ಕೇಳುವುದೇ ಹೆಚ್ಚು ಕೆಲಸಕ್ಕೆ ಬರುವ ದಾರಿ.

ಬೀಗ ಬಂದ ಮೇಲೆ ಬೀಗದ ಕೈ ಕದಿಯುವವರೂ ಬರುತ್ತಾರೆ. 2024ರ ಜನವರಿ 3ರಂದು ಸ್ಪೇನ್‌ನ ಆರೆಂಜ್ ಕಂಪನಿಗೆ ಆದದ್ದನ್ನು ಬೇಲಿಯೇ ಎದ್ದು ಹೊಲ ಮೇಯ್ದದ್ದು ಎನ್ನಬೇಕು. ಯುರೋಪಿನ ನೋಂದಣಿ ಸಂಸ್ಥೆ ರೈಪ್‌ನಲ್ಲಿದ್ದ ಕಂಪನಿಯ ಖಾತೆಯ ಪಾಸ್‌ವರ್ಡ್ ಉದ್ಯೋಗಿಯೊಬ್ಬರ ಕಂಪ್ಯೂಟರ್‌ಗೆ ಹೊಕ್ಕ ಮಾಲ್‌ವೇರ್ ಮೂಲಕ ಮೊದಲೇ ಸೋರಿತ್ತು. ಆ ಪಾಸ್‌ವರ್ಡ್ ‘ರೈಪ್‌ಅಡ್ಮಿನ್’. ಎರಡನೇ ಹಂತದ ದೃಢೀಕರಣ ಇರಲಿಲ್ಲ. ಒಳಹೊಕ್ಕವನು ಬಿಜಿಪಿಯಲ್ಲಿ ಯಾವ ಸುಳ್ಳನ್ನೂ ಸಾರಲಿಲ್ಲ. ಆರೆಂಜ್‌ನ ವಿಳಾಸಗಳ ಪತ್ರಗಳಲ್ಲಿ ಬೇರೆ ಎಎಸ್ ನಂಬರ್ ಬರೆದ, ಅಷ್ಟೇ. ಜಗತ್ತಿನ ರೂಟರ್‌ಗಳು ನಿಯತ್ತಿನಿಂದ ತಾಳೆ ನೋಡಿ, ಆರೆಂಜ್ ತನ್ನ ವಿಳಾಸಗಳ ಬಗ್ಗೆ ಸಾರುತ್ತಿದ್ದ ನಿಜವನ್ನೇ ಸುಳ್ಳೆಂದು ತಿರಸ್ಕರಿಸಿದವು. ಕೆಲವು ಗಂಟೆಗಳ ಕಾಲ ಅವರ ಗ್ರಾಹಕರಿಗೆ ಇಂಟರ್ನೆಟ್ ತೊಂದರೆಯಾಯಿತು. ಆ ಮೇಲೆ ರೈಪ್ ತನ್ನೆಲ್ಲ ಖಾತೆಗಳಿಗೂ ಎರಡು ಹಂತದ ದೃಢೀಕರಣ ಕಡ್ಡಾಯ ಮಾಡಿತು. ತಾಳೆ ನೋಡುವವರು ಕಡಿಮೆ ಇದ್ದ ಹತ್ತು ವರ್ಷದ ಹಿಂದೆ ಇದೇ ಕಿತಾಪತಿ ಮಾಡಿದ್ದರೆ ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ.

ಎಲ್ಲವನ್ನೂ ಸರಿಯಾಗಿ ಮಾಡಿದವನಿಗೂ ಏಟು ಬೀಳಬಹುದು ಎನ್ನುವುದಕ್ಕೆ ಅದೇ ವರ್ಷದ ಜೂನ್ 27ರ ಘಟನೆ ಇದೆ. ಕ್ಲೌಡ್‌ಫ್ಲೇರ್‌ನ ಪ್ರಸಿದ್ಧ ಡಿಎನ್‌ಎಸ್ ವಿಳಾಸ 1.1.1.1. ಅದಕ್ಕೆ ಪತ್ರ ಇತ್ತು, /24ಕ್ಕಿಂತ ಚಿಕ್ಕ ತುಂಡು ಒಪ್ಪಬೇಡಿ ಎಂಬ ಷರತ್ತೂ ಇತ್ತು. ಆದರೂ ಬ್ರೆಜಿಲ್‌ನ ಒಂದು ಜಾಲ 1.1.1.1/32 ಎಂದು, ಅಂದರೆ ಒಂದೇ ಒಂದು ವಿಳಾಸವನ್ನು, ತನ್ನದೆಂದು ಸಾರಿದಾಗ ದೊಡ್ಡ ಕಂಪನಿಯೊಂದು ಅದನ್ನು ಸ್ವೀಕರಿಸಿತು. ಕಾರಣ ತಮಾಷೆಯದು. ದಾಳಿಗೆ ಸಿಕ್ಕ ಒಂದು ವಿಳಾಸದ ಟ್ರಾಫಿಕ್ಕನ್ನು ಬಿಸಾಡಲು ಗ್ರಾಹಕರು ಕೋರಿಕೊಳ್ಳುವ ವಿಶೇಷ ಮಾರ್ಗವೊಂದಿದೆ. ಅದರಲ್ಲಿ ಬರುವ ಕೋರಿಕೆಗೆ ಮಾಮೂಲಿ ತಪಾಸಣೆ ಇರಲಿಲ್ಲ. ರಕ್ಷಣೆಗೆಂದು ಇಟ್ಟ ಕಿಂಡಿಯಲ್ಲೇ ತಪ್ಪು ನುಸುಳಿತು. ಸುಮಾರು 70 ದೇಶಗಳ 300 ಜಾಲಗಳಲ್ಲಿ ಕೆಲವು ಬಳಕೆದಾರರಿಗೆ 1.1.1.1 ಸಿಗಲಿಲ್ಲ.

ಇನ್ನು ಆರ್‌ಪಿಕೆಐ ಪತ್ರಗಳು ಉತ್ತರಿಸಲಾಗದ ಪ್ರಶ್ನೆ. ಅವು ಹೇಳುವುದು ದಾರಿಯ ಕೊನೆಯಲ್ಲಿರುವವನು ಯಾರು ಎಂಬುದನ್ನು ಮಾತ್ರ, ನಡುವಿನ ದಾರಿ ಸರಿಯೇ ಎಂಬುದನ್ನಲ್ಲ. 2018ರ ನವೆಂಬರ್ 12ರಂದು ನೈಜೀರಿಯಾದ ಮೇನ್‌ಒನ್ ಕಂಪನಿ, ಗೂಗಲ್‌ನಿಂದ ತನಗೆ ನೇರವಾಗಿ ಬಂದಿದ್ದ ದಾರಿಗಳನ್ನು ಕೈತಪ್ಪಿ ಚೀನಾ ಟೆಲಿಕಾಂಗೆ ದಾಟಿಸಿತು. 74 ನಿಮಿಷಗಳ ಕಾಲ ಗೂಗಲ್ ಟ್ರಾಫಿಕ್ ಸುತ್ತುಬಳಸಿನ ದಾರಿ ಹಿಡಿಯಿತು. ಅಲ್ಲಿ ಕೊನೆಯ ನಂಬರ್ ಗೂಗಲ್‌ನದೇ. ಯಾವ ಪತ್ರದೊಂದಿಗೂ ತಾಳೆ ತಪ್ಪುತ್ತಿರಲಿಲ್ಲ. ಪ್ರತಿ ಹೆಜ್ಜೆಗೂ ಸಹಿ ಬೇಕೆನ್ನುವ ಬಿಜಿಪಿಸೆಕ್ ಎಂಬ ಮಾನದಂಡ 2017ರಲ್ಲೇ ಬಂತು. ರೂಟರ್‌ಗಳಿಗೆ ಅದು ಹೊರೆ, ದಾರಿಯುದ್ದಕ್ಕೂ ಎಲ್ಲರೂ ಅಳವಡಿಸದೆ ಲಾಭವಿಲ್ಲ. ಕಾಗದದಲ್ಲೇ ಉಳಿಯಿತು.

ಈಗ ಜನ ಆಸೆಯಿಟ್ಟಿರುವುದು ಅಸ್ಪಾ ಎಂಬ ಹಗುರ ಉಪಾಯದ ಮೇಲೆ. ಇಲ್ಲಿ ಪ್ರತಿ ಜಾಲವೂ ‘ನನಗೆ ಇಂಟರ್ನೆಟ್ ಒದಗಿಸುವವರು ಇವರಿವರು ಮಾತ್ರ’ ಎಂದು ಸಹಿ ಹಾಕಿ ಪಟ್ಟಿ ಕೊಡುತ್ತದೆ. ಗೂಗಲ್‌ನ ಪಟ್ಟಿಯಲ್ಲಿ ಮೇನ್‌ಒನ್ ಇಲ್ಲ ಎಂದಾದರೆ, ಮೇನ್‌ಒನ್ ಗೂಗಲ್‌ನ ದಾರಿಯನ್ನು ತಂದು ಕೊಟ್ಟಾಗ ಚೀನಾ ಟೆಲಿಕಾಂನ ರೂಟರ್‌ಗೆ ಇದು ಸೋರಿಕೆ ಎಂದು ಗೊತ್ತಾಗುತ್ತದೆ. ಸೋರಿಕೆ ಹಿಡಿಯಲು ಇಡೀ ಜಗತ್ತು ಒಟ್ಟಿಗೆ ಬದಲಾಗಬೇಕಿಲ್ಲ, ಪಟ್ಟಿ ಕೊಟ್ಟವನೂ ತಾಳೆ ನೋಡಿದವನೂ ಇದ್ದರೆ ಸಾಕು. ಓಪನ್‌ಬಿಜಿಪಿಡಿಯಂಥ ಮುಕ್ತ ತಂತ್ರಾಂಶದಲ್ಲಿ ಇದು ಆಗಲೇ ಸೇರಿದೆ. ಪಟ್ಟಿ ಬರೆಯುವುದು ನೆಟ್‌ವರ್ಕ್ ಒಂದಕ್ಕೆ ಅರ್ಧ ಗಂಟೆಯ ಕೆಲಸ. ಆ ಪಟ್ಟಿಯನ್ನು ಪ್ರತಿ ಸಲ ಸೇವಾದಾರ ಬದಲಾದಾಗ ನೆನಪಿಟ್ಟು ತಿದ್ದುವವರು ಯಾರು ಎಂಬ ಪ್ರಶ್ನೆಗೆ ಮಾತ್ರ ನಮ್ಮ ತಂಡದಲ್ಲೂ ಇನ್ನೂ ಯಾರೂ ಕೈ ಎತ್ತಿಲ್ಲ.